ಅಂಟಿನ ತಪ್ಪೋ, ಕಬ್ಬಿಣದ ತಪ್ಪೋ?

ಅಂಟಿಸುವವನ ಬದುಕಿನಲ್ಲಿ ನಗುವಂಥದ್ದು ಅಪರೂಪ. ಅಂಟಿಸಿದ್ದನ್ನು ಕಿತ್ತು ನೋಡುವವನ ಬದುಕಿನಲ್ಲಿ ಅದು ದಿನಕ್ಕೊಂದಾದರೂ ಆಗುತ್ತದೆ. ನಾನು ಕೀಳುವವನು. ನಂಬಿ, ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹರಿಹರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಲೋಹಕ್ಕೆ ಲೋಹ ಅಂಟಿಸುವ ಅಂಟು ಮಾಡುತ್ತಿದ್ದೆವು. ಒಂದು ಡಬ್ಬಿಯಲ್ಲಿ ಎರಡು ಟ್ಯೂಬು. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ರಸ. ಎರಡನ್ನೂ ಸಮಸಮ ಕಲಸಿ ಹಚ್ಚಿ ಒಂದು ದಿನ ಸುಮ್ಮನಿದ್ದರೆ ಕಲ್ಲಾಗುತ್ತಿತ್ತು. ಆ ರಸದ ಪಾಕ ಬದಲಿಸಿದವನು ನಾನೇ. ಬಿ.ಎಸ್ಸಿ. ಮುಗಿಸಿ ಬಂದ ಹುರುಪಿನಲ್ಲಿ 'ಹೊಸ ಪಾಕ ಮಾಡಿದರೆ ಆನೆ ಎಳೆದರೂ ಬಿಡಲ್ಲ' ಎಂದು ಧಣಿಗಳಿಗೆ ಹೇಳಿಬಿಟ್ಟಿದ್ದೆ.

ಎಲ್ಲ ಕಡೆ ಅಂಟು ಚೆನ್ನಾಗಿಯೇ ಹೋಯಿತು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳಿಂದ ಮಾತ್ರ ಡಬ್ಬಿಗಳು ಹೋದ ದಾರಿಯಲ್ಲೇ ವಾಪಸು ಬರತೊಡಗಿದವು. ಧಣಿಗಳು ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು.

"ಹೋಗಿ ನೋಡ್ಕಂಡು ಬಾ. ತಪ್ಪು ಅಂಟಿಂದೋ ಕಬ್ಬಿಣದ್ದೋ ಗೊತ್ತಾಗಬೇಕು. ಅಂಟಿಂದಾದ್ರೆ ನಿನ್ನ ಪಾಕ ಗಟಾರಕ್ಕೆ. ಅದರ ಹಿಂದೆ ನೀನು ಮನೆಗೆ."

ಇದನ್ನು ಕಂಡುಹಿಡಿಯುವುದು ಕಷ್ಟವೇನಲ್ಲ. ಬಿಟ್ಟುಕೊಂಡ ಜಾಗವನ್ನು ಭೂತಗನ್ನಡಿ ಹಿಡಿದು ನೋಡಬೇಕು, ಅಷ್ಟೆ. ಅಂಟು ಸಣ್ಣ ಎಳೆತಕ್ಕೇ ನಡುವೆ ಸೀಳಿ ಎರಡೂ ಕಡೆ ಅರ್ಧರ್ಧ ಉಳಿದಿದ್ದರೆ ಅಂಟಿಗೇ ಬಲವಿಲ್ಲ ಎಂದರ್ಥ. ಅಂಟು ಹಾಗೇ ಇಡಿಯಾಗಿ ಒಂದು ಕಡೆಯಿಂದ ಎದ್ದು ಬಂದು ಕಬ್ಬಿಣ ಬೆತ್ತಲೆ ಕಂಡರೆ, ಕಬ್ಬಿಣದ ಮೈಮೇಲೆ ಏನೋ ಕೂತಿತ್ತು, ಅಂಟಿಗೆ ಹಿಡಿಯಲು ಜಾಗ ಸಿಗಲಿಲ್ಲ ಎಂದರ್ಥ. ಮೊದಲನೆಯದಾದರೆ ನನ್ನ ಕೆಲಸ ಹೋಯಿತು, ಎರಡನೆಯದಾದರೆ ಉಳಿಯಿತು. ಭೂತಗನ್ನಡಿ, ಬೆರಳಗಲದ ಉಕ್ಕಿನ ಪಟ್ಟಿಗಳು, ಹಿಡಿ ತಿರುವಿದರೆ ಪಟ್ಟಿ ಎಳೆದು ಮುಳ್ಳಿನಲ್ಲಿ ಬಲ ತೋರಿಸುವ ಒಂದು ಸಣ್ಣ ಯಂತ್ರ, ಇಷ್ಟನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಕೆಲಸ ಹೋಗುವ ಭಯವಿದ್ದರೂ ಜಾತ್ರೆಗೆ ಹೊರಟ ಹುಡುಗನಷ್ಟೇ ಖುಷಿ.

ಮುರಿದದ್ದು ಇದ್ದರೆ ಕೊಡಿ

ಕೂಡ್ಲಿಗಿಯಲ್ಲಿ ಇಳಿದವನೇ ಒಂದು ಓಣಿಯ ಬಾಯಲ್ಲಿ ನಿಂತು ಕೇಳತೊಡಗಿದೆ. "ನಮ್ಮ ಅಂಟು ಹಚ್ಚಿ ಬಿಟ್ಟುಕೊಂಡದ್ದು ಏನಾದರೂ ಇದ್ದರೆ ತೋರಿಸಿ. ಮುರಿದದ್ದೇ ಬೇಕು. ಗಟ್ಟಿ ಇದ್ದದ್ದು ಬೇಡ."

ಓಣಿಯ ಜನ ಮೊದಲು ನನ್ನ ಮುಖ ನೋಡಿದರು, ಆಮೇಲೆ ಚೀಲ ನೋಡಿದರು. ಅರ್ಧ ಗಂಟೆಯಲ್ಲಿ ನನ್ನ ಮುಂದೆ ಗುಡ್ಡೆ ಬಿತ್ತು. ತಳ ಹೋದ ಬಕೆಟ್ಟು, ಕಾಲು ಮುರಿದ ಸ್ಟೌ, ಕೀಲಿ ಕಳೆದ ಬೀಗ, ಒಂದು ಸೈಕಲ್ಲಿನ ಮುಕ್ಕಾಲು ಭಾಗ. ನನ್ನ ಅಂಟಿನ ವಾಸನೆಯನ್ನೂ ಕಾಣದ ಸಾಮಾನುಗಳು.

ಒಬ್ಬ ಅಜ್ಜಿ ತೂತು ಬಿದ್ದ ತಪ್ಪಲೆ ಮುಂದಿಟ್ಟು ಕೇಳಿದಳು. "ಇದಕ್ಕ ಏನ್ ಕೊಡ್ತೀಯಪ್ಪ? ಉಳ್ಳಾಗಡ್ಡಿನೋ, ಖರ್ಜೂರನೋ?"

ನಾನು ಗುಜರಿಯವನಲ್ಲ ಎಂದು ಕೈಮುಗಿದು ವಿವರಿಸಿದೆ. ಮುರಿದದ್ದನ್ನು ಗಾಜು ಹಿಡಿದು ನೋಡುತ್ತೇನೆ, ಹೇಗೆ ಮುರಿಯಿತು ಎಂದು ಬರೆದುಕೊಳ್ಳುತ್ತೇನೆ, ಆಮೇಲೆ ಹಾಗೇ ವಾಪಸು ಕೊಡುತ್ತೇನೆ ಎಂದೆ. ಅಜ್ಜಿ ತಪ್ಪಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಕೆನ್ನೆ ಮುಟ್ಟಿ ಮರುಗಿದಳು.

"ಅಯ್ಯ ನನ್ನಪ್ಪ, ಮುರಿದದ್ದು ನೋಡಿ ಹೊಳ್ಳಿ ಕೊಡಾಕ ಇಷ್ಟೆಲ್ಲಾ ಓದೀಯ?"

ಮೂಕ ಗಂಟೆ

ಅದೇ ಊರಿನ ಸಂತೆಯಲ್ಲಿ ಒಬ್ಬ ಕುರಿಗಾರ ನನ್ನನ್ನು ಹುಡುಕಿಕೊಂಡು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿ ಕೊರಳಿನ ಗಂಟೆ. ಗಂಟೆಯ ನಾಲಿಗೆ ತೂಗುವ ಕೊಂಡಿ ಕಿತ್ತಿತ್ತಂತೆ, ನಮ್ಮ ಅಂಟು ಹಚ್ಚಿದ್ದನಂತೆ.

"ಬಿಟ್ಕೊಂಡಿತಾ?" ಎಂದೆ, ಜೀವ ಕೈಯಲ್ಲಿ ಹಿಡಿದು.

"ಬಿಟ್ಕೊಂಡ್ರ ನಾ ಯಾಕ ಬರ್ತಿದ್ನಿ? ಬಿಡವಲ್ದು ನೋಡ್ರಿ!"

ಇಸಿದುಕೊಂಡು ನೋಡಿದೆ. ಕೊಂಡಿಗೆ ಒಂದು ಚಿಟಿಕೆ ಹಚ್ಚುವ ಬದಲು ಪುಣ್ಯಾತ್ಮ ಎರಡೂ ಟ್ಯೂಬು ಪೂರ್ತಿ ಕಲಸಿ ಸುರಿದಿದ್ದ. ಕೊಂಡಿ, ನಾಲಿಗೆ, ಗಂಟೆಯ ಒಳಮೈ, ಮೂರೂ ಒಂದೇ ಜೀವವಾಗಿದ್ದವು. ಅಲ್ಲಾಡಿಸಿದೆ, ಸದ್ದಿಲ್ಲ. ಇಕ್ಕಳ ಹಾಕಿ ಜಗ್ಗಿದೆ, ಜಪ್ಪಯ್ಯ ಅನ್ನಲಿಲ್ಲ. ನನಗೋ ಕುಣಿಯುವಷ್ಟು ಸಂತೋಷ! "ನೋಡಿದ್ಯಾ ಹೆಂಗೆ ಹಿಡಿದಿದೆ!" ಎಂದು ಅವನ ಬೆನ್ನು ತಟ್ಟಿದೆ.

ಅವನು ಶಾಂತವಾಗಿ ಹೇಳಿದ. "ಹಿಡಿದೈತಿ, ಖರೆ. ಅದರ ಸಪ್ಳ ಕೇಳಿ ಹಿಂದ ಬರೋ ನಲವತ್ತು ಕುರಿ ಎತ್ತಾಗ ಹೋಗ್ಯಾವ ಅಂತ ನಿಮ್ಮ ಗಾಜಿನಾಗ ಕಾಣ್ತೈತೇನು ನೋಡ್ರಿ."

ಕುರಿಗಳು ಹಿಂದಿನ ಬೀದಿಯ ಸೊಪ್ಪಿನ ಅಂಗಡಿ ಮುಂದೆಯೇ ಸಿಕ್ಕವು. ಸೊಪ್ಪು ಮಾತ್ರ ಸಿಗಲಿಲ್ಲ.

ಮೂರು ಗೆರೆ

ಕೊಟ್ಟೂರಿನಲ್ಲಿ ನಿಜವಾದ ಸವಾಲು ಎದುರಾಯಿತು. ಅಲ್ಲೊಬ್ಬ ಟ್ರಂಕು ರಿಪೇರಿ ಮೇಸ್ತ್ರಿ ಇದ್ದ. ಕೈಗೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೂ ಅವನು ಅಂಟಿಸಿದವು ಹತ್ತರಲ್ಲಿ ಹತ್ತೂ ಬಿಟ್ಟುಕೊಂಡಿದ್ದವು.

ಅವನಿಗೆ ನನ್ನ ಉಕ್ಕಿನ ಪಟ್ಟಿಗಳನ್ನು ಕೊಟ್ಟು ಅಂಟಿಸಲು ಹೇಳಿದೆ. ಮರಳು ಕಾಗದದಲ್ಲಿ ಉಜ್ಜಿದ, ಸ್ಪಿರಿಟ್ ಹಚ್ಚಿ ಒರೆಸಿದ, ಬೆರಳು ತಾಗಿಸದೆ ತುದಿ ಹಿಡಿದು ಇಟ್ಟ. ನಾನು ಕಾಲೇಜಿನಲ್ಲೂ ಅಷ್ಟು ಶುದ್ಧವಾಗಿ ಪ್ರಯೋಗ ಮಾಡಿದವನಲ್ಲ. ತೃಪ್ತಿಯಿಂದ ಮಂಡಕ್ಕಿ ತಿನ್ನಲು ಹೋದೆ. ಮರುದಿನ ಯಂತ್ರಕ್ಕೆ ಹಾಕಿ ಹಿಡಿ ತಿರುವಿದೆ, ಮುಳ್ಳು ಎದ್ದೇಳುವ ಮೊದಲೇ ಟಕ್ ಅಂತ ಬಿಟ್ಟುಕೊಂಡಿತು. ಗಾಬರಿಯಲ್ಲಿ ಭೂತಗನ್ನಡಿ ತೆಗೆಯುವುದೂ ಮರೆತುಹೋಯಿತು. ಇಷ್ಟು ಚೊಕ್ಕವಾಗಿ ಒರೆಸಿದ ಮೇಲೂ ಬಿಟ್ಟರೆ ತಪ್ಪು ಇನ್ನಾರದು? ನನ್ನ ಪಾಕದ್ದೇ.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಮಂಡಕ್ಕಿಗೆ ಹೋಗದೆ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ. ಉಜ್ಜಿದ, ಒರೆಸಿದ, ಅಂಟು ಕಲಸಿದ. ಹಚ್ಚುವ ಮುನ್ನ ಗೋಡೆಯ ಮಾಡದಲ್ಲಿದ್ದ ದೇವರ ಪಟಕ್ಕೆ ತಿರುಗಿ, ಕರಡಿಗೆಯಿಂದ ವಿಭೂತಿ ತೆಗೆದು, ಮೂರು ಬೆರಳಲ್ಲಿ ಪಟ್ಟಿಯ ಮೇಲೆ ಅಡ್ಡಕ್ಕೆ ಮೂರು ಗೆರೆ ಎಳೆದ. ಕಣ್ಣಿಗೆ ಒತ್ತಿಕೊಂಡ. ಅದರ ಮೇಲೆ ಅಂಟು ಹಚ್ಚಿದ.

"ಏನ್ ಮೇಸ್ತ್ರಿ ಇದು!" ಎಂದು ಕೂಗಿಯೇಬಿಟ್ಟೆ.

ಅವನಿಗೆ ನನ್ನ ಕೂಗೇ ವಿಚಿತ್ರವಾಗಿ ಕಂಡಿತು. "ಮತ್ತ? ಹೊಸಾ ಕೆಲಸರಿ. ಬರೇ ಹಣಿಲಿಂದ ಶುರು ಮಾಡಾಕ ಬರ್ತೈತೇನ್ರಿ?"

ಹಳೆಯ ಪಟ್ಟಿಗಳನ್ನು ತೆಗೆದು ಭೂತಗನ್ನಡಿ ಹಿಡಿದೆ. ಬೆತ್ತಲೆ ಕಬ್ಬಿಣದ ಮೇಲೆ ಸಣ್ಣಗೆ, ಬೆಳ್ಳಗೆ, ಮೂರು ಗೆರೆ! ಕುಣಿದಾಡಿಬಿಟ್ಟೆ. ಬೂದಿಯ ಮೇಲೆ ಹಚ್ಚಿದ ಅಂಟು ಬೂದಿಯನ್ನು ಹಿಡಿಯಿತೇ ಹೊರತು ಕಬ್ಬಿಣವನ್ನಲ್ಲ. ನನ್ನ ಪಾಕ ಬಚಾವು! ವಿಭೂತಿಯನ್ನು ಹೊರಮೈಗೆ ಹಚ್ಚಲು ಮೇಸ್ತ್ರಿಯನ್ನು ಒಪ್ಪಿಸಲು ಎರಡು ಕಪ್ಪು ಚಹಾ ಬೇಕಾಯಿತು. ಕೊನೆಗೆ ಅವನೇ ಸಮಾಧಾನ ಮಾಡಿಕೊಂಡ. "ಆತು ಬಿಡ್ರಿ. ಒಳಗ ದೇವರಿಗೂ ಉಸುರು ಕಟ್ಟತೈತಿ."

ಎಸ್‌ಟಿಡಿ ಬೂತಿನಿಂದ ಧಣಿಗಳಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಇಷ್ಟೇ. "ಹಂಗಾದ್ರೆ ಡಬ್ಬಿ ಮೇಲೆ 'ನಾಸ್ತಿಕರಿಗೆ ಮಾತ್ರ' ಅಂತ ಅಚ್ಚು ಹಾಕಿಸ್ಬೇಕೇನಯ್ಯ?"

ಸಮಪಾಲು

ಹಗರಿಬೊಮ್ಮನಹಳ್ಳಿಯ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಒಂದು ಮನೆಯ ದಾರಿ ತೋರಿಸಿದ. ಆ ಮನೆಯ ಅಣ್ಣ ಒಂದು ಸಲ, ತಮ್ಮ ಒಂದು ಸಲ ಬಂದು ಇವನ ಮಾನ ಹರಾಜು ಹಾಕಿ ಹೋಗಿದ್ದರಂತೆ.

ಹೋದೆ. ಪಡಸಾಲೆಯ ನಡುವೆ ಎದೆಮಟ್ಟದ ಹೊಸ ಗೋಡೆ. ಈ ಕಡೆ ಅಣ್ಣ, ಆ ಕಡೆ ತಮ್ಮ. ಅಣ್ಣ ತನ್ನ ಪಂಪಿನ ಮುಚ್ಚಳ ತೋರಿಸಿದ. ನಾಲ್ಕು ದಿನದ ಹಿಂದೆ ಹಚ್ಚಿದ ಅಂಟು ಇನ್ನೂ ಜೋನಿಬೆಲ್ಲದ ಹಾಗೆ ಹರಿಯುತ್ತಿತ್ತು. ಒಂದು ನೊಣ ಮಾತ್ರ ಗಟ್ಟಿಯಾಗಿ ಅಂಟಿತ್ತು.

"ಎರಡೂ ಟ್ಯೂಬು ಸಮಸಮ ಕಲಸಿದ್ರಾ?"

"ಎರಡೆಲ್ಲಿಂದ ಬರ್ಬೇಕ್ರಿ? ನನ್ನ ಪಾಲಿಗೆ ಬಂದದ್ದು ಒಂದ."

ವಿಷಯ ಇಷ್ಟು. ಪಾಲಾದ ದಿನ ಹಿರಿಯರು ಕೂತು ಎತ್ತು, ಕೊಡ, ಹಾಸಿಗೆ ಎಲ್ಲವನ್ನೂ ಎರಡೆರಡು ಮಾಡಿದರು. ಕೊನೆಗೆ ಗೂಡಿನಲ್ಲಿ ಒಂದು ಡಬ್ಬಿ ಸಿಕ್ಕಿತು. ಒಳಗೆ ನೋಡಿದರೆ ಎರಡು ಟ್ಯೂಬು. ಇಷ್ಟು ಸಲೀಸಾದ ಪಾಲು ಆ ದಿನ ಬೇರೊಂದಿರಲಿಲ್ಲವಂತೆ! ಅಣ್ಣನಿಗೊಂದು, ತಮ್ಮನಿಗೊಂದು.

ಗೋಡೆಯ ಮೇಲೆ ಹೆಂಚಿನ ಚೂರು ಇಟ್ಟು, ಇಬ್ಬರಿಂದಲೂ ಒಂದೊಂದು ಬಟಾಣಿಯಷ್ಟು ಹಿಂಡಿಸಿ ನಾನೇ ಕಲಸಿದೆ. 'ನನ್ನದು ಜಾಸ್ತಿ ಬಿತ್ತು' ಎಂದು ಅಣ್ಣನೂ, 'ಅವನಿಗೆ ದೊಡ್ಡ ಪಾಲು ಕೊಟ್ಟಿರಿ' ಎಂದು ತಮ್ಮನೂ ಜಗಳ ತೆಗೆದರು. ಮರುದಿನ ಅಣ್ಣನ ಪಂಪಿನ ಮುಚ್ಚಳ, ತಮ್ಮನ ಪಂಪಿನ ಮುಚ್ಚಳ ಎರಡೂ ಬಂಡೆಯ ಹಾಗೆ ನಿಂತಿದ್ದವು. ಹೊರಡುವಾಗ ತಮ್ಮನ ಹೆಂಡತಿ ಮೆಲ್ಲಗೆ ಕೇಳಿದಳು.

"ಇವರಿಬ್ಬರ ನಡುವ ಹಚ್ಚಾಕ ಏನಾರ ಐತೇನ್ರಿ ನಿಮ್ಮತ್ರ?"

"ಹಚ್ಚಬಹುದು ತಾಯಿ. ಆದರೆ ಮೊದಲು ಎರಡೂ ಕಡೆ ಚೆನ್ನಾಗಿ ಉಜ್ಜಿ ಸ್ವಚ್ಛ ಮಾಡಬೇಕು."

ಅವಳು ಗೋಡೆಯ ಎರಡೂ ಕಡೆ ಒಮ್ಮೆ ನೋಡಿ ಉಸಿರು ಬಿಟ್ಟಳು. "ಹಂಗಾರ ಗ್ವಾಡಿನ ಇರಲಿ ಬಿಡ್ರಿ."

ಬಾಡಬಾರದು

ಹಡಗಲಿಯಲ್ಲಿ ಮಲ್ಲಿಗೆ ತೋಟದ ಒಬ್ಬ ಅಕ್ಕ ಔಷಧಿ ಹೊಡೆಯುವ ಡಬ್ಬಿಯ ತಳಕ್ಕೆ ನಮ್ಮ ಅಂಟು ಹಚ್ಚಿದ್ದಳು. ಅದೂ ಬಿಟ್ಟಿತ್ತು. ಅವಳು ಉಜ್ಜಿದ್ದಳು, ಎರಡೂ ಟ್ಯೂಬು ಕಲಸಿದ್ದಳು, ವಿಭೂತಿ ಗಿಭೂತಿ ಏನೂ ಇರಲಿಲ್ಲ. ಆದರೂ ಅಂಟು ಅಂಚಿನಲ್ಲಿ ಬೆಳ್ಳಗಾಗಿ ಪದರವಾಗಿ ಎದ್ದಿತ್ತು. ಮತ್ತೆ ನನ್ನ ಪಾಕದ ಮೇಲೇ ಗುಮಾನಿ ಬಂತು.

"ಹಚ್ಚಿದ ಮೇಲೆ ಏನು ಮಾಡಿದಿರಿ ಅಕ್ಕ?"

"ಏನ್ ಮಾಡ್ಲಿ, ಒಂದಿನ ಇಡಬೇಕು ಅಂದ್ರಲ್ಲ, ಇಟ್ಟೆ."

"ಎಲ್ಲಿ?"

ಅವಳು ಮೂಲೆ ತೋರಿಸಿದಳು. ಅಲ್ಲಿ ಮರುದಿನದ ಬಸ್ಸಿಗೆ ಹೋಗಬೇಕಾದ ಹೂವಿನ ಬುಟ್ಟಿಗಳು ಒದ್ದೆ ಬಟ್ಟೆ ಹೊದ್ದು ಸಾಲಾಗಿ ಕೂತಿದ್ದವು. ಡಬ್ಬಿಯನ್ನೂ ಹಾಗೇ ಬಾಳೆಎಲೆ ಸುತ್ತಿ, ಒದ್ದೆ ಬಟ್ಟೆ ಹೊದಿಸಿ, ತಾಸಿಗೊಮ್ಮೆ ನೀರು ಚಿಮುಕಿಸಿ ಜೋಪಾನ ಮಾಡಿದ್ದಳು. ಹಚ್ಚಿದ್ದು ಹಸಿ ಇರುವಾಗಲೇ ಅಂಚಿನಿಂದ ನೀರು ಒಳಗೆ ನುಗ್ಗಿತ್ತು. ಅಬ್ಬ, ಜೀವ ಬಂತು! ಒಣಗಲು ಬಿಟ್ಟರೇ ಅದು ಗಟ್ಟಿ ಎಂದು ತಿಳಿಸಿ ಹೇಳಿದೆ.

ಅವಳು ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ನಮ್ಮ ಹೂವು ಒಣಗಿದ್ರ ತಿಪ್ಪಿಗಿ, ನಿಮ್ಮ ಅಂಟು ಒಣಗಿದ್ರ ಕೆಲಸಕ್ಕ. ಯಾವ ತೋಟದಾಗ ಬೆಳದೀರಪ್ಪ ಇದನ್ನ?"

ಹರಪನಹಳ್ಳಿಯ ಪಂಚಾಯಿತಿ

ನಾಲ್ಕು ಊರಿನ ವರದಿ ಬರೆದು ಕಳಿಸಿದೆ. ಉಳಿದದ್ದು ಹರಪನಹಳ್ಳಿ ಒಂದೇ. ನಾನು ಅಲ್ಲಿನ ಒಂದು ಲೇತ್ ಅಂಗಡಿಯಲ್ಲಿ ಯಂತ್ರ ಜೋಡಿಸುತ್ತಿರುವಾಗ ಧಣಿಗಳ ಕಾರು ಬಂದು ನಿಂತಿತು. ಇಳಿದವರ ಕೈಯಲ್ಲಿ ನನ್ನದೇ ವರದಿ.

"ವಿಭೂತಿ ಅಂತೀಯ, ಅಣ್ತಮ್ಮರ ಪಾಲು ಅಂತೀಯ, ಮಲ್ಲಿಗೆ ಹೂವು ಅಂತೀಯ. ಇದೇನು ವರದಿಯೋ ನಾಟಕದ ಪುಸ್ತಕವೋ? ಎಲ್ಲಾರ್ದೂ ತಪ್ಪು, ನಿನ್ನ ಅಂಟು ಒಂದೇ ಸಾಚಾ?"

"ಬೇಕಾದರೆ ಇಲ್ಲೇ ಪರೀಕ್ಷೆ ಮಾಡೋಣ ಸಾರ್. ನಾನು ಅಂಟಿಸ್ತೀನಿ."

"ನೀನು ಅಂಟಿಸಿದ್ರೆ ನಿಂತೇ ನಿಲ್ಲುತ್ತೆ, ನಿಂಗೆ ಅದ್ರ ಮರ್ಮ ಗೊತ್ತು. ನಾನು ಅಂಟಿಸ್ತೀನಿ. ನಾಳೆ ನಾನೇ ಎಳಿತೀನಿ. ನಿಂತ್ರೆ ನಿನ್ನ ಪಾಕ ಇರ್ತೈತೆ. ಬಿಟ್ಟುಕೊಂಡ್ರೆ ನಾಳೆ ಸಾಯಂಕಾಲದಿಂದ ಹಳೇ ಪಾಕ. ನೀನು ಬೇರೆ ಕಡೆ ಕೆಲಸ ನೋಡ್ಕ."

ಇದಕ್ಕಿಂತ ನ್ಯಾಯ ಎಲ್ಲಿ ಸಿಗುತ್ತದೆ? ಉತ್ಸಾಹದಲ್ಲಿ ಒಪ್ಪಿಕೊಂಡೆ. ಎರಡು ಜೊತೆ ಪಟ್ಟಿ ತೆಗೆದು ಕನ್ನಡಿಯಂತೆ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಬಿಳಿ ಕಾಗದದ ಮೇಲೆ ಇಟ್ಟೆ. ಒಂದು ಜೊತೆ ನನಗೆ, ಒಂದು ಅವರಿಗೆ. ನನ್ನದನ್ನು ನಾನು ಅಂಟಿಸಿದೆ. ಅವರಿಗೆ ಬೇಕಾದ ಅಂಟನ್ನೂ ಕಲಸಿಟ್ಟೆ. ಅಷ್ಟರಲ್ಲಿ ಧಣಿಗಳು "ಹೋಗಿ ಎಲ್ಲಾರಿಗೂ ಚಹಾ ಹೇಳ್ಬಾ" ಎಂದರು. ನಾನು ಬರುವಷ್ಟರಲ್ಲಿ ಅವರೂ ಅಂಟಿಸಿ, ಕ್ಲಿಪ್ಪು ಹಾಕಿ, ಹೆಮ್ಮೆಯಿಂದ ಕೂತಿದ್ದರು.

ಮರುದಿನ ಲೇತ್ ಅಂಗಡಿ ತುಂಬ ಜನ. ತೆಲಿಗಿಯ ಬಸ್ಸಿಗೆ ಕಾದಿದ್ದವರೂ ಬಸ್ಸು ಬಿಟ್ಟು ಬಂದು ನಿಂತರು. ಮೊದಲು ನನ್ನ ಪಟ್ಟಿ. ಧಣಿಗಳು ಹಿಡಿ ತಿರುವಿದರು. ಮುಳ್ಳು ಏರಿತು, ಇನ್ನೂ ಏರಿತು, ಧಣಿಗಳ ಹಣೆಯಲ್ಲಿ ಬೆವರು ಬಂತು, ಮುಳ್ಳು ಕೊನೆಯ ಗೆರೆ ಮುಟ್ಟಿ ನಿಂತಿತು. ಪಟ್ಟಿ ಬಿಡಲಿಲ್ಲ! ಜನ ಸಿಳ್ಳೆ ಹಾಕಿದರು.

"ಇದು ಅವನು ಅಂಟಿಸಿದ್ದು. ಲೆಕ್ಕಕ್ಕಿಲ್ಲ," ಎಂದು ಧಣಿಗಳು ತಮ್ಮ ಪಟ್ಟಿ ಸಿಕ್ಕಿಸಿದರು. ಒಂದು ಸುತ್ತು, ಎರಡನೇ ಸುತ್ತು. ಟಕ್!

ನನಗೆ ಅಳು ಬರುವುದೊಂದು ಬಾಕಿ. ಐದು ಊರು ತಿರುಗಿ ಉಳಿಸಿಕೊಂಡ ಪಾಕ ಕಣ್ಣೆದುರೇ ಹೋಯಿತು. "ನೋಡಿದ್ಯಾ?" ಎಂದರು ಧಣಿಗಳು. ದನಿಯಲ್ಲಿ ಗೆದ್ದ ಖುಷಿಗಿಂತ ಬೇಸರವೇ ಜಾಸ್ತಿ ಇತ್ತು, ಅದನ್ನು ನಾನು ಒಪ್ಪಬೇಕು. "ಉಜ್ಜಿದವನು ನೀನೇ, ಕಲಸಿದವನೂ ನೀನೇ. ಇನ್ಯಾರ ಮೇಲೆ ಹಾಕ್ತೀಯ?"

ಲೇತ್ ಅಂಗಡಿಯ ಮೇಸ್ತ್ರಿ ಮಾತ್ರ ಸುಮ್ಮನೆ ನನ್ನ ಭೂತಗನ್ನಡಿ ತಗೊಂಡು ಬಿಟ್ಟುಕೊಂಡ ಪಟ್ಟಿಯನ್ನು ಬೆಳಕಿಗೆ ಹಿಡಿದ.

"ಇಲ್ನೋಡ್ರಿ ಒಂದೀಟು. ಅಂಟು ಸೀಳಿಲ್ಲ. ಇಡಿಯಾಗಿ ಎದ್ದು ಬಂದೈತೆ. ಅದ್ರ ಮೇಲೆ ಏನೋ ಚಿತ್ರ ಬಿದ್ದೈತಲ್ರಿ."

ಹಾರಿ ಹೋಗಿ ನೋಡಿದೆ. ಗಟ್ಟಿಯಾದ ಅಂಟಿನ ನುಣುಪು ಮೈಮೇಲೆ ಸುರುಳಿ ಸುರುಳಿ ಗೆರೆ. ಅಚ್ಚೊತ್ತಿದ ಹಾಗೆ ಒಂದು ಹೆಬ್ಬೆರಳಿನ ಗುರುತು! ನಡುವೆ ಅಡ್ಡಕ್ಕೆ ಒಂದು ಗಾಯದ ಗೀರು. ಮೂಗಿಗೆ ಹಿಡಿದರೆ ಕರಿದೆಣ್ಣೆಯ ಘಮ.

"ನಿನ್ನೆ ಅಂಟಿಸೋ ಮುಂದೆ ಸಾಹೇಬ್ರು ಏನು ತಿಂತಿದ್ರು?" ಎಂದೆ.

ಎಲ್ಲರೂ ಚಾವಣಿ ನೋಡತೊಡಗಿದರು. ಎದುರಿನ ಅಂಗಡಿಯ ಮೆಣಸಿನಕಾಯಿ ಬಜ್ಜಿಯವನಿಗೆ ಮಾತ್ರ ತನ್ನ ವ್ಯಾಪಾರದ ಅಭಿಮಾನ ತಡೆಯಲಾಗಲಿಲ್ಲ. "ನಾಕು ಪ್ಲೇಟು! ಬಿಸಿಬಿಸಿ! ಒಂದ್ಕೈಯಾಗೆ ಬಜ್ಜಿ, ಇನ್ನೊಂದ್ಕೈಯಾಗೆ ಪಟ್ಟಿ ಹಿಡ್ಕಂಡು 'ಇದ್ರಾಗೆ ಒರ್ಸೋದೇನೈತೆ' ಅಂತ ಹೆಬ್ಬಟ್ಟಿಂದ ಒತ್ತಿ ಒತ್ತಿ ನೋಡಿದ್ರು."

ಎಲ್ಲರ ಕಣ್ಣೂ ಧಣಿಗಳ ಬಲಗೈ ಕಡೆ ಹೋದವು. ಅವರು ನಿಧಾನಕ್ಕೆ ಕೈಯನ್ನು ಪಂಚೆಯ ಮಡಿಕೆಗೆ ಸೇರಿಸಿದರು. ಆದರೆ ಮೇಸ್ತ್ರಿ ಬಿಡುವ ಆಸಾಮಿಯಲ್ಲ. ಬಹಳ ವಿನಯದಿಂದ ಒಂದು ಹಾಳೆ, ಒಂದು ಚಿಟಿಕೆ ಕರಿ ಗ್ರೀಸು ತಂದು ಮುಂದಿಟ್ಟ. ಧಣಿಗಳು ಮಾತಿಗೆ ತಪ್ಪುವವರಲ್ಲ, ಹೆಬ್ಬೆರಳು ಒತ್ತಿದರು. ಅದೇ ಸುರುಳಿ. ನಡುವೆ ಅದೇ ಅಡ್ಡ ಗೀರು, ಅಡಕತ್ತರಿ ತಾಗಿ ಆದದ್ದಂತೆ.

ಮೇಸ್ತ್ರಿ ಎರಡನ್ನೂ ಅಕ್ಕಪಕ್ಕ ಇಟ್ಟು ಜನರಿಗೆ ತೋರಿಸಿ ತೀರ್ಪು ಕೊಟ್ಟ. "ಮುಗೀತು ಬಿಡ್ರಿ. ಹೆಬ್ಬಟ್ಟು ಒತ್ತಿದ ಮೇಲೆ ಕೋರ್ಟಿನಾಗೂ ಮಾತಿಲ್ಲ."

ನನಗೆ ನಗು ಒತ್ತರಿಸಿ ಬರುತ್ತಿತ್ತು, ನಗುವ ಧೈರ್ಯವಿರಲಿಲ್ಲ. ವರದಿಯ ಕೊನೆಯ ಹಾಳೆ ತೆಗೆದು, ಪೆನ್ನು ಹಿಡಿದು, ತಲೆ ತಗ್ಗಿಸಿ ನಿಂತೆ. ಧಣಿಗಳು ಪಂಚೆಯ ತುದಿಗೆ ಹೆಬ್ಬೆರಳನ್ನು ಒರೆಸಿಯೇ ಒರೆಸಿದರು. ಕೊನೆಗೆ ನನ್ನ ಕಡೆ ನೋಡದೆ, ಕಾರಿನ ಬಾಗಿಲು ತೆಗೆಯುತ್ತ ಹೇಳಿದರು.

"ತಪ್ಪು ಅಂಟಿಂದಲ್ಲ ಅಂತ ಬರ್ಕ. ಯಾರ್ದು ಅಂತ ಬರಿಯೋದೇನ್ ಬ್ಯಾಡ."